ಒಂದು ಗೇಣು ಎಡಕ್ಕೆ

ಇನ್ನಂಜೆಯ ಕುಶಲಕ್ಕನ ಮನೆಯಲ್ಲಿ ‘ಹದಿನೆಂಟು’ ಎಂಬುದು ಒಂದು ಕೋವಿಯ ಹೆಸರು. ನಳಿಗೆಯ ಬುಡದಲ್ಲಿ ಒತ್ತಿದ 4718 ಎಂಬ ಸಂಖ್ಯೆಯ ಕೊನೆಯ ಎರಡು ಅಂಕಿಗಳೇ ಅದಕ್ಕೆ ಹೆಸರಾಗಿ ನಿಂತಿದ್ದವು. ಹೆಸರಿಟ್ಟವರು ಅವರ ಮಾವ ತನಿಯಪ್ಪನವರು. ಪೆರ್ಡೂರಿನಿಂದ ಮೂಡಣ ಕಾಡಿಗೆ ಮರದ ಅಳತೆಗೆಂದು ಬಂದಿದ್ದ ಬಿಳಿಯ ಸಾಹೇಬನೊಬ್ಬನಿಗೆ ದಾರಿ ತೋರಿಸುವ ಕೆಲಸದಲ್ಲಿ ಇಬ್ಬರಿದ್ದರು: ಒಬ್ಬರು ತನಿಯಪ್ಪನವರು, ಇನ್ನೊಬ್ಬರು ಪೆರ್ಡೂರಿನಲ್ಲಿ ಅವರ ನೆರೆಮನೆಯ ಕ್ರೈಸ್ತರಾದ ಇನಾಸ್ ಪೊರ್ಬುಗಳು. 1946ರಲ್ಲಿ ಊರು ಬಿಡುವಾಗ ಸಾಹೇಬ ತನ್ನ ಎರಡು ಬೇಟೆ ರೈಫಲ್‌ಗಳನ್ನು ಇಬ್ಬರಿಗೂ ಒಂದೊಂದರಂತೆ ಬರೆದುಕೊಟ್ಟ. ಒಂದೇ ಕಾರ್ಖಾನೆಯ, ಒಂದೇ ವರ್ಷದ ಅವಳಿ ಕೋವಿಗಳು. 4718 ತನಿಯಪ್ಪನವರ ಪಾಲಿಗೆ ಬಂತು, 4713 ಪೊರ್ಬುಗಳ ಪಾಲಿಗೆ. ಅಂದಿನಿಂದ ಎರಡು ಮನೆಗಳ ಮಾತಿನಲ್ಲಿ ಹದಿನೆಂಟು ನಮ್ಮದು, ಹದಿಮೂರು ಅವರದು.

ಕುಶಲಕ್ಕ ಹುಟ್ಟಿದ್ದು 1962ರಲ್ಲಿ, ಇದೇ ಇನ್ನಂಜೆಯ ಮನೆಯಲ್ಲಿ. ಅಂಗಳದ ತುಂಬ ಮಲ್ಲಿಗೆ ಗಿಡ. ಏಳನೆಯ ವಯಸ್ಸಿಗೇ ಬಾಳೆನಾರಿನಲ್ಲಿ ಹೂ ಕಟ್ಟಲು ಕೂತವರು. ನಸುಕಿನ ಮಬ್ಬಿನಲ್ಲಿ ಮೊಗ್ಗು ಕೊಯ್ಯುವಾಗ ಯಾವುದು ಇವತ್ತು ಅರಳುವುದು, ಯಾವುದು ನಾಳೆಯದು ಎಂದು ಹೆಬ್ಬೆರಳೇ ಹೇಳುತ್ತಿತ್ತು. 1985ರಲ್ಲಿ ತನಿಯಪ್ಪನವರ ಮಗ ದೇವದಾಸರನ್ನು ಮದುವೆಯಾಗಿ ಪೆರ್ಡೂರಿನ ಕಡೆಗೆ ಹೋದರು. ದೇವದಾಸರು ಸೊಸೈಟಿಯಲ್ಲಿ ಅಕ್ಕಿ ಸಕ್ಕರೆ ತೂಗುವ ಕೆಲಸದವರು. ಮಾತು ಕಡಿಮೆ, ತೂಕ ಕರಾರುವಾಕ್ಕು. ಮುಷ್ಟಿಯಲ್ಲಿ ಎತ್ತಿದ ಸಕ್ಕರೆ ಎಷ್ಟು ಗ್ರಾಂ ಎಂದು ತಕ್ಕಡಿಗೆ ಹಾಕುವ ಮೊದಲೇ ಹೇಳುತ್ತಿದ್ದರು. ಅವರಿಗೆ ತಮ್ಮ ಕೈಯ ಮೇಲೆ ಇದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ ಎಂದು ಕುಶಲಕ್ಕ ಹೇಳುವುದುಂಟು.

ಬೇಟೆಯ ಕಾಲ ಮಾವನೊಂದಿಗೇ ಮುಗಿದಿತ್ತು. ದೇವದಾಸರ ಕೈಗೆ ಬರುವ ಹೊತ್ತಿಗೆ ಹದಿನೆಂಟರ ಕೆಲಸ ಗದ್ದೆಗೆ ನುಗ್ಗುವ ಹಂದಿಗಳನ್ನು ಸದ್ದಿನಿಂದ ಓಡಿಸುವುದಷ್ಟೇ. ಪರವಾನಗಿಯೂ ಬೆಳೆ ರಕ್ಷಣೆಗೆಂದೇ ಇದ್ದದ್ದು. ಆದರೆ ಗುರಿಯ ಹಂಬಲ ಅವರಲ್ಲಿ ಉಳಿದಿತ್ತು. 1988ರ ಆಟಿ ತಿಂಗಳು, ಕುಶಲಕ್ಕ ಆರು ತಿಂಗಳ ಬಸುರಿ. ಎಡೆಬಿಡದ ಮಳೆ. ಅಂಥ ಮಳೆಯಲ್ಲಿ ಅವರಿಗೆ ಬೊಂಡದ ನೀರು ಕುಡಿಯುವ ಆಸೆಯಾಯಿತು. ಪಾಚಿಗಟ್ಟಿದ ತೆಂಗಿನ ಮರವನ್ನು ಏರಲು ಯಾರೂ ಒಪ್ಪಲಿಲ್ಲ. ದೇವದಾಸರು ಒಳಗೆ ಹೋಗಿ ಹದಿನೆಂಟನ್ನು ತಂದರು. ಜಗಲಿಯ ಕಂಬಕ್ಕೆ ಭುಜ ಕೊಟ್ಟು ನಿಂತು, ಗೊನೆಯ ಹೊರಬದಿಯ ಒಂದೇ ಬೊಂಡದ ತೊಟ್ಟಿಗೆ ಗುರಿ ಹಿಡಿದರು. ಒಂದೇ ಗುಂಡು. ತೊಟ್ಟು ಕಡಿದು, ಕೆಳಗೆ ಸೊಪ್ಪಿನ ರಾಶಿಯ ಮೇಲೆ ಬೊಂಡ ಒಡೆಯದೆ ಬಿತ್ತು.

“ಇನ್ನೊಂದು ಉಂಟಾ?” ಎಂದು ಕುಶಲಕ್ಕ ಕುಡಿದು ಮುಗಿಸಿ ಕೇಳಿದರು.

“ಬಾಯಾರಿಕೆ ಒಂದು, ಗುಂಡು ಒಂದು,” ಎಂದರು ದೇವದಾಸರು. ಅವರು ನಕ್ಕದ್ದನ್ನು ಕುಶಲಕ್ಕ ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಮುಂದೆ ಪ್ರತಿವರ್ಷ ಆಯುಧ ಪೂಜೆಯ ದಿನ ಕತ್ತಿ ಹಾರೆಗಳ ಜೊತೆ ಹದಿನೆಂಟಕ್ಕೂ ಗಂಧ ಹಚ್ಚಿ, ಒಂದು ತೊಟ್ಟಿಗೆ ಒಂದು ಗುಂಡಿನಂತೆ ಬೊಂಡ ಇಳಿಸುವುದು ಮನೆಯ ಕ್ರಮವಾಯಿತು. ಮಗಳು ಪ್ರಣೀತಾ ಅದನ್ನೇ ನೋಡುತ್ತ ಬೆಳೆದಳು. ಹನ್ನೊಂದು ವರ್ಷ ಒಮ್ಮೆಯೂ ತಪ್ಪಲಿಲ್ಲ.

ಚುನಾವಣೆ ಬಂದಾಗ ಮಾತ್ರ ಮನೆಯ ಗೋಡೆಯ ಗೂಟ ಖಾಲಿಯಾಗುತ್ತಿತ್ತು. ದಿನಾಂಕ ಪ್ರಕಟವಾದೊಡನೆ ಪರವಾನಗಿಯ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಎಣಿಕೆ ಮುಗಿದ ಮೇಲೆ ತರಬೇಕು. “ನಿಮ್ಮ ಹದಿನೆಂಟು ಎಲ್ಲಿ ಕುಶಲಾ?” ಎಂದು ನೆರೆಯವರು ಕೇಳಿದರೆ ಕುಶಲಕ್ಕನ ಉತ್ತರ ಸಿದ್ಧವಿತ್ತು: “ಅದು ತವರಿಗೆ ಹೋಗಿದೆ. ಓಟು ಮುಗಿಯದೆ ಕಳಿಸಿಕೊಡುವುದಿಲ್ಲವಂತೆ.” ಈ ನಗೆಮಾತು ಊರೆಲ್ಲ ಹಬ್ಬಿ, ಠಾಣೆಗೆ ‘ಕೋವಿಯ ತವರು’ ಎಂಬ ಹೆಸರೇ ಬಿತ್ತು.

1999ರ ಚುನಾವಣೆ ಮಳೆಗಾಲದ ಕೊನೆಗೆ ಬಂತು. ಅಕ್ಟೋಬರಿನಲ್ಲಿ ದೇವದಾಸರು ಕೋವಿ ಮರಳಿ ತಂದಾಗ ಕಬ್ಬಿಣದ ಮೇಲೆ ಕೆಂಪು ತುಕ್ಕು, ಮರದ ಮೇಲೆ ಬೂಷ್ಟು. ಒರೆಸಿ, ಎಣ್ಣೆ ಹಾಕಿ, ಹೆಗಲಿಗೇರಿಸಿ ನೋಡಿದರು. ಕೆಳಗಿಳಿಸಿದರು. ಮತ್ತೆ ಏರಿಸಿದರು.

“ಕುಶಲಾ, ಇದು ಕೈಗೆ ಹೊಸದಾದ ಹಾಗೆ ಆಗುತ್ತದೆ.”

ಕುಶಲಕ್ಕ ಹೂ ಕಟ್ಟುತ್ತಿದ್ದರು. ತಲೆ ಎತ್ತದೆ ಹೇಳಿದರು: “ತವರಿಗೆ ಹೋಗಿ ಬಂದವರು ಸ್ವಲ್ಪ ಬದಲಾಗಿಯೇ ಬರುವುದು. ನಾನು ಬರುವುದಿಲ್ಲವಾ ಹಾಗೆ? ನಾಲ್ಕು ದಿನ ಹೋದರೆ ಸರಿಯಾಗುತ್ತದೆ.”

ದೇವದಾಸರು ನಕ್ಕು ಕೋವಿಯನ್ನು ಗೂಟಕ್ಕೆ ಸಿಕ್ಕಿಸಿದರು.

ನಾಲ್ಕು ದಿನಗಳಲ್ಲಿ ಆಯುಧ ಪೂಜೆ ಬಂತು. ಕುಶಲಕ್ಕನ ಅಣ್ಣನ ಸಂಸಾರ ಇನ್ನಂಜೆಯಿಂದ ಬಂದಿತ್ತು. ಪ್ರಣೀತಾ ಎಲ್ಲರನ್ನೂ ಅಂಗಳಕ್ಕೆ ಕರೆದು ಸಾಲಾಗಿ ನಿಲ್ಲಿಸಿದಳು. ದೇವದಾಸರು ಕಂಬಕ್ಕೆ ಭುಜ ಕೊಟ್ಟರು. ಗುಂಡು ತೊಟ್ಟಿಗೆ ತಾಗಲಿಲ್ಲ. ಒಂದು ಗೇಣು ಎಡಕ್ಕಿದ್ದ ಬೊಂಡದ ಹೊಟ್ಟೆ ಸೀಳಿತು. ನೀರು ಸಿಡಿದು ನೋಡುತ್ತ ನಿಂತವರ ಮುಖದ ಮೇಲೆ ಬಿತ್ತು. ಎಲ್ಲರೂ ಗೊಳ್ಳೆಂದು ನಕ್ಕರು. ಎರಡನೆಯ ಗುಂಡು ಗೊನೆಯನ್ನೇ ಬಿಟ್ಟು ಎಡಗಡೆಯ ಗರಿಯನ್ನು ಹರಿಯಿತು.

“ಭಾವ, ಕಣ್ಣಿನ ಡಾಕ್ಟ್ರ ಹತ್ತಿರ ಒಮ್ಮೆ ತೋರಿಸಿ,” ಎಂದರು ಅಣ್ಣ. “ವಯಸ್ಸಾಯಿತು ಮಾರಾಯ್ರೆ, ನಲ್ವತ್ತೈದು ಎಂದರೆ ಸುಮ್ಮನೆಯಾ!”

“ಕಣ್ಣು ಸರಿ ಉಂಟು. ಕೈ ಹೋದದ್ದು,” ಎಂದರು ದೇವದಾಸರು. ಮೂರನೆಯ ಗುಂಡು ಹಾಕಲಿಲ್ಲ.

ಅಷ್ಟೇ ನಡೆದದ್ದು. ಮರುದಿನ ಸೊಸೈಟಿಯಲ್ಲಿ ಯಾರೋ ತೂಕದ ಮಾತೆತ್ತಿದಾಗ ದೇವದಾಸರು ಮುಷ್ಟಿಯ ಸಕ್ಕರೆಯನ್ನು ಸುಮ್ಮನೆ ತಕ್ಕಡಿಗೆ ಸುರಿದು ಮುಳ್ಳು ನೋಡಿದರಂತೆ. ಕೋವಿಯನ್ನು ಮತ್ತೆ ಗುರಿಗೆ ಎತ್ತಲಿಲ್ಲ. ಬೊಂಡ ಕೊಟ್ಟರೆ “ಶೀತ” ಎಂದು ದೂರ ಸರಿಸುತ್ತಿದ್ದರು. 2004ರಲ್ಲಿ ಪೆರ್ಡೂರಿನ ಜಾಗ ಪಾಲಾಗಿ, ಸಂಸಾರ ಕುಶಲಕ್ಕನ ಪಾಲಿನ ಇನ್ನಂಜೆಯ ಮನೆಗೆ ಬಂತು, ಕೋವಿಯೂ ಬಂತು. 2022ರ ನವೆಂಬರಿನಲ್ಲಿ, ಮಣಿಪಾಲದ ಆಸ್ಪತ್ರೆಯ ಹಾಸಿಗೆಯಲ್ಲಿ, ಶ್ವಾಸಕೋಶದ ಕಾಯಿಲೆಯ ಕೊನೆಯ ವಾರ, ದೇವದಾಸರು ತಮ್ಮ ಬಲಗೈಯನ್ನು ಬೆಳಕಿಗೆ ಎತ್ತಿ ನೋಡಿದರು. “ಇದು ಆವತ್ತೇ ಹೋಯಿತಲ್ಲ ಕುಶಲಾ,” ಎಂದರು. ಯಾವತ್ತು ಎಂದು ಕುಶಲಕ್ಕ ಕೇಳಬೇಕಾಗಿರಲಿಲ್ಲ.

ಅವರು ಹೋದ ಮೇಲೆ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿಬಿಡುವುದೇ ಒಳ್ಳೆಯದೆಂದು ಪ್ರಣೀತಾ ಹೇಳಿದಳು. ಅವಳು ಈಗ ಬನ್ನಂಜೆಯಲ್ಲಿ ಮನೆ ಮಾಡಿಕೊಂಡು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ.

“ಅಮ್ಮ, ಅದರಿಂದ ನಿಮಗೆ ಎಂತ ಉಪಯೋಗ? ಹಂದಿ ಓಡಿಸಲಿಕ್ಕಾ?”

“ಅದರ ಹಿಂಬದಿಯ ಮರದಲ್ಲಿ ನಿನ್ನ ಅಪ್ಪನ ಕೆನ್ನೆಯ ಗುರುತು ಉಂಟು,” ಎಂದರು ಕುಶಲಕ್ಕ. “ನೋಡಬೇಕಾದರೆ ಕೈ ಇಟ್ಟು ನೋಡು.”

ನಿಜವಾಗಿಯೂ ಇತ್ತು. ಗುರಿ ಹಿಡಿಯುವವನ ಕೆನ್ನೆ ತಾಗುವ ಜಾಗದಲ್ಲಿ ಮರ ಸವೆದು, ಅಂಗೈಯಷ್ಟು ನುಣುಪಾದ ತಗ್ಗು. ವಾರಕ್ಕೊಮ್ಮೆ ಕುಶಲಕ್ಕ ಆ ತಗ್ಗಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ಕಚೇರಿಗೆ ವರ್ಷವಿಡೀ ಅಲೆದು, ವಾರಸುದಾರಳ ನೆಲೆಯಲ್ಲಿ ಪರವಾನಗಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. 2024ರ ಚುನಾವಣೆಗೆ ಕೋವಿ ಮತ್ತೆ ‘ತವರಿಗೆ’ ಹೋಗಿ ಜೂನ್‌ನಲ್ಲಿ ಬಂದಾಗ ತುಕ್ಕು ಪದರಪದರವಾಗಿ ಏಳುತ್ತಿತ್ತು. ಹೀಗೆ ಬಿಟ್ಟರೆ ಉಳಿಯುವುದಿಲ್ಲವೆಂದು ತಿಳಿದು, ಆಗಸ್ಟಿನಲ್ಲಿ ಮಗಳ ಕಾರಿನಲ್ಲಿ ಕಾರ್ಕಳಕ್ಕೆ ಒಯ್ದರು. ಅಲ್ಲಿ ಪರವಾನಗಿ ಪಡೆದು ಕೋವಿ ರಿಪೇರಿ ಮಾಡುವ ಮೋನಪ್ಪ ಆಚಾರ್ಯರ ಕಮ್ಮಟ ಉಂಟು.

ಮೋನಪ್ಪ ಆಚಾರ್ಯರಿಗೆ ಎಪ್ಪತ್ತು ದಾಟಿದೆ. ಕೋವಿಯನ್ನು ಕೈಗೆತ್ತಿಕೊಂಡು ಮೂಸಿ ನೋಡಿದರು.

“ಇದಕ್ಕೆ ಎಂತ ಹಾಕುತ್ತಿದ್ದಿರಿ ಅಕ್ಕ?”

“ಕೊಬ್ಬರಿ ಎಣ್ಣೆ. ಮನೆಯದ್ದೇ, ಗಾಣದ್ದು.”

“ಒಗ್ಗರಣೆ ಹಾಕಲಿಲ್ಲವಲ್ಲ, ಪುಣ್ಯ. ಇದು ಗೋಂದಿನ ಹಾಗೆ ಅಂಟಿ ಕೂತಿದೆ.” ಆಮೇಲೆ ಮರದ ತಗ್ಗಿಗೆ ಬೆರಳು ಹಾಯಿಸಿ ಸ್ವರ ತಗ್ಗಿಸಿದರು. “ಕಬ್ಬಿಣಕ್ಕೆ ಹಾಳು. ಆದರೆ ಮರ ಉಳಿದದ್ದು ಇದರಿಂದಲೇ. ಗೆದ್ದಲು ಮುಟ್ಟಲಿಲ್ಲ. ಹೇಳಿ, ಹೊಸದರ ಹಾಗೆ ಮಾಡಿಕೊಡಲಾ, ಇದ್ದ ಹಾಗೆ ಉಳಿಸಿಕೊಡಲಾ?”

“ಎರಡೂ ಒಂದೇ ಅಲ್ವಾ?”

“ಅಲ್ಲ. ಹೊಸದು ಮಾಡಬೇಕಾದರೆ ಈ ಮರವನ್ನು ಕೀಸಬೇಕು. ಕೆನ್ನೆ ಹೋಗುತ್ತದೆ.”

“ಕೀಸಬೇಡಿ,” ಎಂದರು ಕುಶಲಕ್ಕ.

ಆಚಾರ್ಯರ ಕೆಲಸಕ್ಕೆ ಒಂದು ಕ್ರಮವಿತ್ತು. ಬಿಚ್ಚಿದ ಪ್ರತಿ ತಿರುಪನ್ನೂ ಹಲಗೆಯ ಮೇಲೆ ಅದರದರ ಜಾಗದಲ್ಲಿ ಚುಚ್ಚಿ ಇಡುವರು. ತುಕ್ಕಿಗೆ ಅರ ಹಾಕುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ತೆಳು ಉಕ್ಕಿನ ನಾರಿನಿಂದ ದಿನಕ್ಕೆ ನಾಲ್ಕು ಬೆರಳಷ್ಟು ಉದ್ದ ಮಾತ್ರ ಉಜ್ಜುವರು. ಎಲ್ಲಿಯಾದರೂ ಹಿಂದಿನವರು ಬೇಕೆಂದೇ ಮಾಡಿದ ಗುರುತು ಕಂಡರೆ, ಅದು ತಪ್ಪಾಗಿದ್ದರೂ, ಕೇಳದೆ ತಿದ್ದುವುದಿಲ್ಲ. ಮೂರನೆಯ ವಾರ ಅವರೇ ಫೋನ್ ಮಾಡಿದರು.

“ಅಕ್ಕ, ಒಮ್ಮೆ ಬಂದು ಹೋಗಿ. ತಿದ್ದಬೇಕೋ ಬೇಡವೋ ನನಗೆ ಗೊತ್ತಾಗುವುದಿಲ್ಲ.”

ಕಮ್ಮಟದಲ್ಲಿ ಕೋವಿ ಬೆಂಚಿನ ಇಕ್ಕಳದಲ್ಲಿ ಅಲುಗಾಡದಂತೆ ಕೂತಿತ್ತು. ಹಿಂದಿನ ಬೋಲ್ಟ್ ತೆಗೆದಿದ್ದರಿಂದ ನಳಿಗೆ ಆಚೀಚೆ ತೆರೆದಿತ್ತು. ಅಂಗಳದಾಚೆಯ ಗೋಡೆಯಲ್ಲಿ ಸುಣ್ಣದ ಒಂದು ಚುಕ್ಕೆ.

“ಹಿಂದಿನಿಂದ ನಳಿಗೆಯೊಳಗೆ ನೋಡಿ. ಎಂತ ಕಾಣುತ್ತದೆ?”

ಒಳಗೆ ಸುರುಳಿಗೆರೆಗಳು ಮಿರುಗುತ್ತಿದ್ದವು. ಅವುಗಳ ಕೊನೆಗೆ ನಾಣ್ಯದಷ್ಟು ಬೆಳಕು, ಅದರ ನಡುವೆ ಸುಣ್ಣದ ಚುಕ್ಕೆ. “ಚುಕ್ಕೆ,” ಎಂದರು ಕುಶಲಕ್ಕ.

“ಈಗ ಕೋವಿ ಮುಟ್ಟದೆ, ಮೇಲಿನಿಂದ ತುದಿಯ ಗುರಿಮಣಿ ನೋಡಿ.”

ಮಣಿ ಚುಕ್ಕೆಯ ಮೇಲಿರಲಿಲ್ಲ. ಬಲಕ್ಕೆ ಸರಿದು ಬರಿಯ ಗೋಡೆಯನ್ನು ತೋರಿಸುತ್ತಿತ್ತು.

“ಒಂದು ಗೇಣಿನ ವ್ಯತ್ಯಾಸ,” ಎಂದರು ಆಚಾರ್ಯರು. “ಮಣಿಯನ್ನು ನಂಬಿ ಹೊಡೆದರೆ ಗುಂಡು ಒಂದು ಗೇಣು ಎಡಕ್ಕೆ ಹೋಗುತ್ತದೆ. ಪೆಟ್ಟಾಗಿ ವಾಲಿದ್ದಲ್ಲ ಇದು. ಯಾರೋ ಮಣಿಯನ್ನು ಸರಿಸಿ, ಮತ್ತೆ ಸರಿಯದ ಹಾಗೆ ಬುಡದಲ್ಲಿ ಉಳಿಯಿಂದ ಚುಕ್ಕೆ ಹೊಡೆದಿದ್ದಾರೆ. ತುಂಬ ಹಳೇ ಕೆಲಸ, ಅರುವತ್ತು ಎಪ್ಪತ್ತು ವರ್ಷದ್ದು. ನಿಮ್ಮ ಮಾವನೋರ ಕಣ್ಣು ಓರೆ ಇತ್ತಾ?”

ಒಂದು ಗೇಣು ಎಡಕ್ಕೆ. ಮುಖದ ಮೇಲೆ ಸಿಡಿದ ಬೊಂಡದ ನೀರು ಇನ್ನೂ ಒಣಗದಂತೆ ಕುಶಲಕ್ಕನಿಗೆ ಅನ್ನಿಸಿತು. ಮಾವನ ಕಣ್ಣು ಓರೆಯಾಗಿರಲಿಲ್ಲ. ಓರೆಗಣ್ಣಿದ್ದದ್ದು ಇನಾಸ್ ಪೊರ್ಬುಗಳಿಗೆ. ಆ ಕಣ್ಣಿನ ವಿಷಯವಾಗಿ ಮಾವ ಹೇಳುತ್ತಿದ್ದ ತಮಾಷೆಗಳು ಒಂದೆರಡಲ್ಲ.

“ಆಚಾರ್ರೆ, ನಂಬ್ರ ಎಲ್ಲಿ ಉಂಟು?”

ಆಚಾರ್ಯರು ಆ ಜಾಗವನ್ನು ಹಿಂದಿನ ದಿನವಷ್ಟೇ ಉಜ್ಜಿದ್ದರು. ಕುಶಲಕ್ಕ ಕನ್ನಡಕ ಹುಡುಕಲಿಲ್ಲ. ಹೆಬ್ಬೆರಳಿಟ್ಟರು. ನಾಲ್ಕು, ಏಳು, ಒಂದು. ಕೊನೆಯ ಅಂಕಿಯ ಎಡಬದಿಯಲ್ಲಿ ಗೆರೆ ಕೂಡಿರಲಿಲ್ಲ. ಅರೆಬಿರಿದ ಮೊಗ್ಗಿನಂತೆ ಎರಡು ಕಡೆ ಬಾಯಿ ತೆರೆದಿತ್ತು. ಇಪ್ಪತ್ತೈದು ವರ್ಷ ತುಕ್ಕು ಆ ಬಾಯಿಗಳನ್ನು ಮುಚ್ಚಿ ಮೂರನ್ನು ಎಂಟು ಮಾಡಿ ತೋರಿಸಿತ್ತು.

“ಇದು ಹದಿಮೂರು,” ಎಂದರು ಕುಶಲಕ್ಕ. “ನಮ್ಮದಲ್ಲ.”

ಕಾರಿನಲ್ಲಿ ಬರುವಾಗ ಪ್ರಣೀತಾ ಲೆಕ್ಕ ಹಾಕುತ್ತ ಹೋದಳು: ತೊಂಬತ್ತೊಂಬತ್ತರಲ್ಲಿ ಠಾಣೆಯವರು ಕೋವಿಗಳಿಗೆ ಕಟ್ಟಿದ್ದ ಹೆಸರಿನ ಚೀಟಿ ಮಳೆಯಲ್ಲಿ ಉದುರಿರಬೇಕು, ಒಂದೇ ರೂಪದ ಎರಡು ಕೋವಿ, ಕೊಡುವವರಿಗೂ ತಿಳಿಯಲಿಲ್ಲ, ತಂದವರಿಗೂ ತಿಳಿಯಲಿಲ್ಲ. ಕುಶಲಕ್ಕ ಕಿಟಕಿಯ ಕಡೆ ತಿರುಗಿದ್ದರು.

“ನಿನ್ನ ಅಪ್ಪನಿಗೆ ತಿಳಿದಿತ್ತು,” ಎಂದರು. “ಕೈಗೆ ಹೊಸದಾಗಿದೆ ಎಂದು ಹೇಳಿದರು. ನಾನು ತವರಿನ ತಮಾಷೆ ಮಾಡಿ ಬಾಯಿ ಮುಚ್ಚಿಸಿದೆ.”

ಆ ರಾತ್ರಿಯಿಂದ ಅವರಿಗೆ ತಿಳಿಯಬೇಕಾದದ್ದು ಒಂದೇ ಒಂದು. ಮನೆಯ ನಿಜವಾದ ಹದಿನೆಂಟು ನೇರ ಇದೆಯೇ? ಅದರ ಮಣಿಯೂ ಓರೆಯಾಗಿದ್ದರೆ ದೇವದಾಸರ ಗುರಿ ಆ ಓರೆಗೆ ಒಗ್ಗಿದ ಬರಿಯ ಅಭ್ಯಾಸದ್ದು. ಅದು ನೇರವಾಗಿದ್ದರೆ ಅವರ ಕೈ ಹೋಗಿರಲೇ ಇಲ್ಲ. ಇಪ್ಪತ್ತಮೂರು ವರ್ಷ ಅವರು ಸುಮ್ಮನೆ ತಲೆ ತಗ್ಗಿಸಿದ್ದರು. ಎರಡನೆಯದು ನಿಜವಾಗಲಿ ಎಂದು ಆಶಿಸಲೂ ಕುಶಲಕ್ಕನಿಗೆ ಭಯ. ಆಶಿಸದೆ ಇರಲೂ ಆಗುತ್ತಿರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಪೆರ್ಡೂರಿಗೆ ಹೋದರು. ಇನಾಸರ ಮಗ ಅಲೋಶಿಯಸರಿಗೆ ಈಗ ಎಪ್ಪತ್ತೆರಡು. ಹೆಂಡತಿ ಸೆಲೀನ್ ಚಹಾ ತಂದಿಡುವಷ್ಟರಲ್ಲಿ ಕುಶಲಕ್ಕ ಎಲ್ಲವನ್ನೂ ಹೇಳಿ ಮುಗಿಸಿದ್ದರು. ಅಲೋಶಿಯಸ್ ಬಾಯಿ ತೆರೆದು ಕೇಳಿದವರು ಒಮ್ಮೆಗೇ ತೊಡೆ ತಟ್ಟಿಕೊಂಡರು.

“ಕೇಳಿದೆಯಾ ಸೆಲೀನ್! ಇಪ್ಪತ್ತೈದು ವರ್ಷ ನಾನು ನನ್ನ ಕಣ್ಣಿಗೆ ಬೈದೆ. ಮೂರು ಸಲ ಕನ್ನಡಕ ಬದಲಿಸಿದೆ. ನಮ್ಮ ಅಪ್ಪ ಕಲಿಸಿದ್ದು, ಒಂದು ಗೇಣು ಬಲಕ್ಕೆ ಹಿಡಿ, ಗುಂಡು ತಾನೇ ಬರುತ್ತದೆ ಎಂದು. ಹಾಗೆ ಹಿಡಿದರೆ ಎಲ್ಲ ಗುಂಡೂ ಬಲಕ್ಕೇ ಹೋಗುತ್ತಿತ್ತು ಅಕ್ಕ!”

“ಕನ್ನಡಕ ಮಾತ್ರವಾ?” ಎಂದರು ಸೆಲೀನ್. “ಒಂದು ವರ್ಷ ಕ್ಯಾರೆಟ್ ತಿನ್ನಿಸಿ ಸಾಕಾಯಿತು ನನಗೆ.”

“ನಂಬ್ರ ಯಾರೂ ನೋಡಲಿಲ್ಲವಾ ಪೊರ್ಬುಗಳೇ?”

“ಯಾರು ನೋಡುವುದು ಅಕ್ಕ? ಪುಸ್ತಕ ನೋಡುತ್ತಾರೆ, ಸೀಲು ಒತ್ತುತ್ತಾರೆ. ನಾನೇ ನೋಡಲಿಲ್ಲ.”

ಅವರು ಒಳಗಿಂದ ಕೋವಿ ತಂದರು. ಕುಶಲಕ್ಕನ ಕಣ್ಣು ಮೊದಲು ಹೋದದ್ದು ಹಿಂಬದಿಯ ಮರಕ್ಕೆ. ಹೊಳೆಯುವ ಹೊಸ ಮರ. ತಗ್ಗಿಲ್ಲ, ಸವೆತವಿಲ್ಲ.

“ಗೆದ್ದಲು ಹಿಡಿದಿತ್ತು,” ಎಂದರು ಅಲೋಶಿಯಸ್, ಈಗ ಸ್ವರ ಇಳಿಸಿ. “ಹದಿನಾಲ್ಕು ವರ್ಷವಾಯಿತು ಬದಲಿಸಿ.”

“ಹಳೆಯದು?”

ಸೆಲೀನ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ನಾನೇ ಬಚ್ಚಲ ಒಲೆಗೆ ಹಾಕಿದೆ ಅಕ್ಕ. ನನಗೆ ಗೊತ್ತಿರಲಿಲ್ಲ.”

ಕುಶಲಕ್ಕ ಎರಡು ವರ್ಷ ಹೆಬ್ಬೆರಳಿನಿಂದ ತಿಕ್ಕಿದ್ದು ಇನಾಸ್ ಪೊರ್ಬುಗಳ ಕೆನ್ನೆ. ದೇವದಾಸರ ಕೆನ್ನೆ ಈ ಮನೆಯ ಹಂಡೆಯ ಕೆಳಗೆ ಬೂದಿಯಾಗಿತ್ತು.

“ಎಷ್ಟು ಸ್ನಾನಕ್ಕೆ ಬಂತು ಬಾಯಮ್ಮ?” ಎಂದು ಕೇಳಿದರು ಕುಶಲಕ್ಕ.

ಸೆಲೀನ್ ಗಾಬರಿಯಿಂದ ಮುಖ ನೋಡಿದರು. ಕುಶಲಕ್ಕನ ತುಟಿಯ ಕೊನೆ ನಡುಗುತ್ತಿತ್ತು. ನಗೆಯೋ ಅಳುವೋ ಅವರಿಗೂ ತಿಳಿದಂತಿರಲಿಲ್ಲ. “ಎರಡು,” ಎಂದರು ಸೆಲೀನ್ ಮೆಲ್ಲನೆ. “ಗಟ್ಟಿ ಮರ. ಚೆನ್ನಾಗಿ ಕಾದಿತ್ತು.”

“ನಿಮ್ಮ ಮಾವನ ಮರ ನನ್ನಲ್ಲಿ ಚೆನ್ನಾಗಿಯೇ ಉಂಟು,” ಎಂದು ಕುಶಲಕ್ಕ ಅವರ ಕೈ ಹಿಡಿದರು. “ಎಣ್ಣೆ ಹಾಕಿ ಇಟ್ಟಿದ್ದೇನೆ.”

ಆಮೇಲೆ ಎದ್ದು, ಜಗಲಿಯ ದಂಡೆಯ ಮೇಲೆ ಭತ್ತದ ಎರಡು ಮೂಟೆ ಇಡಿಸಿದರು. ಅಲೋಶಿಯಸ್ ಕೋವಿ ಖಾಲಿಯಿದೆಯೆಂದು ತೋರಿಸಿ, ಬೋಲ್ಟ್ ತೆಗೆದು, ಅದನ್ನು ಮೂಟೆಗಳ ಸಂದಿಯಲ್ಲಿ ಕೂರಿಸಿದರು. ಅಂಗಳದ ಅಂಚಿನಲ್ಲಿ ಒಂದು ಗಿಡ್ಡ ತೆಂಗು, ಕೈಗೆ ಎಟುಕುವುದಕ್ಕಿಂತ ಸ್ವಲ್ಪ ಮೇಲೆ ಗೊನೆ. ಕುಶಲಕ್ಕ ಮೊಣಕಾಲೂರಿ ಕೂತು, ಕಾರ್ಕಳದಲ್ಲಿ ಕಲಿತಂತೆ ನಳಿಗೆಯೊಳಗೆ ಕಣ್ಣಿಟ್ಟರು. “ಸ್ವಲ್ಪ ಮೇಲೆ... ಈಚೆ... ಸಾಕು, ಬಿಡಿ.” ಬೆಳಕಿನ ನಾಣ್ಯದ ನಡುವೆ ಹೊರಬದಿಯ ಒಂದು ಬೊಂಡದ ತೊಟ್ಟು ನಿಂತಿತು.

ಕೋವಿ ಮುಟ್ಟದೆ ತಲೆಯನ್ನು ಮೇಲೆತ್ತಿ ಗುರಿಮಣಿ ನೋಡಿದರು.

ಮಣಿಯೂ ಅದೇ ತೊಟ್ಟಿನ ಮೇಲಿತ್ತು.

ಮತ್ತೆ ನಳಿಗೆಯೊಳಗೆ ನೋಡಿದರು, ಮತ್ತೆ ಮಣಿ ನೋಡಿದರು. ಐದು ಸಲ ನೋಡಿದರು. ಆಮೇಲೆ ಪ್ರಣೀತಾ ನೋಡಿದಳು. “ಕೂದಲಿನಷ್ಟೂ ವ್ಯತ್ಯಾಸ ಇಲ್ಲಮ್ಮ,” ಎಂದಳು. ಕುಶಲಕ್ಕ ಮೂಟೆಗೆ ಹಣೆ ಕೊಟ್ಟು ಕೂತಿದ್ದರು. ಮೂರು ಬೆರಳು ಆಚೆ ಕೆನ್ನೆ ತಾಗದ ಹೊಸ ಮರ ಹೊಳೆಯುತ್ತಿತ್ತು. ಅದನ್ನು ಅವರು ಮುಟ್ಟಲಿಲ್ಲ, ಮಣಿಯನ್ನು ಮಾತ್ರ ಹೆಬ್ಬೆರಳಿನಿಂದ ಒಮ್ಮೆ ಸವರಿದರು.

ಎರಡೂ ಮನೆಯವರು ಸೇರಿ ಕಚೇರಿಗೆ ಅರ್ಜಿ ಬರೆದರು. ಅಧಿಕಾರಿ ಎರಡು ಪುಸ್ತಕ, ಎರಡು ಕೋವಿ ಪಕ್ಕಪಕ್ಕ ಇಟ್ಟು ನೋಡಿ, ಪುಸ್ತಕದಲ್ಲಿ ಬದಲಿಸುವಂಥದ್ದು ಏನೂ ಇಲ್ಲವೆಂದರು: ಕಾಗದದ ಮೇಲೆ ಹದಿನೆಂಟು ಎಂದೂ ಮನೆ ಬಿಟ್ಟು ಹೋಗಿರಲಿಲ್ಲ. ಮೋನಪ್ಪ ಆಚಾರ್ಯರು ಹದಿಮೂರರ ಮಣಿಯನ್ನು ತಿದ್ದದೆ, ಓರೆಯಾಗಿದ್ದಂತೆಯೇ ಅಲೋಶಿಯಸರಿಗೆ ಒಪ್ಪಿಸಿದರು. ಹದಿನೆಂಟರ ಹೊಸ ಮರಕ್ಕೆ ಅಗಸೆ ಎಣ್ಣೆ ಹಾಕಿ, “ಇನ್ನು ಕೊಬ್ಬರಿ ಎಣ್ಣೆ ಬೇಡ ಅಕ್ಕ, ದಮ್ಮಯ್ಯ,” ಎಂದು ಕುಶಲಕ್ಕನ ಕೈಗಿತ್ತರು.

ಆದರೆ ಅದೆಲ್ಲ ಆಮೇಲಿನದು. ಆ ದಿನ ಪೆರ್ಡೂರಿನಿಂದ ಹೊರಡುವಾಗ ಕುಶಲಕ್ಕ ಕೇಳಿದ್ದು ಒಂದೇ: ಆ ಬೊಂಡ. ಅಲೋಶಿಯಸ್ ದೋಟಿಗೆ ಕತ್ತಿ ಕಟ್ಟಿ, ತೊಟ್ಟು ಸಮೇತ ಇಳಿಸಿಕೊಟ್ಟರು.

ನವೆಂಬರಿನಲ್ಲಿ ದೇವದಾಸರ ವರ್ಷದ ದಿನ. ಹಿಂದಿನ ಸಲ ಎಲೆಯಲ್ಲಿ ಅವರಿಗೆ ಇಷ್ಟವಾದದ್ದೆಲ್ಲ ಇತ್ತು, ಬೊಂಡ ಇರಲಿಲ್ಲ. ಶೀತವೆಂದು ಹೇಳಿ ಹೋದವರಿಗೆ ಇಡುವುದು ಹೇಗೆ? ಈ ಸಲ ಬಡಿಸಿ ಮುಗಿದ ಮೇಲೆ ಕುಶಲಕ್ಕ ಎಲ್ಲರನ್ನೂ ಹೊರಗೆ ಕಳಿಸಿದರು. ಆಗಲೇ ಸಿಪ್ಪೆ ಸ್ವಲ್ಪ ಬಾಡಿದ್ದ ಬೊಂಡವನ್ನು ಎಲೆಯ ಬಲಕ್ಕೆ, ತೊಟ್ಟು ಫೋಟೋದ ಕಡೆ ಬರುವಂತೆ ಇಟ್ಟರು.

“ಕೋವಿ ಬೇರೆಯದಾಗಿತ್ತು,” ಎಂದರು. “ನೀವು ಆವತ್ತೇ ಹೇಳಿದಿರಿ. ನಾನು ಹೂ ಕಟ್ಟುತ್ತಾ ಇದ್ದೆ.”

ಬಾಗಿಲು ಎಳೆದುಕೊಂಡು ಹೊರಗೆ ಬಂದರು. ಹಿರಿಯರು ಉಣ್ಣಲು ಬಿಡುವ ಹೊತ್ತು ಕಳೆಯುವವರೆಗೆ ಒಳಗೆ ಯಾರೂ ಹೋಗಬಾರದು. ಪ್ರಣೀತಾ ಎರಡು ಸಲ ಗಡಿಯಾರ ನೋಡಿ, “ಸಾಕಲ್ಲ ಅಮ್ಮ?” ಎಂದಳು.

“ಇರಲಿ,” ಎಂದರು ಕುಶಲಕ್ಕ. “ಇಪ್ಪತ್ತೈದು ವರ್ಷದ ಬಾಯಾರಿಕೆ.”